ನೇಕಾರನಿಗೆ ಆರಿಸಿಕೊಟ್ಟ ಕೋಲು

"ಗುರುಗಳೇ, ಒಬ್ಬರಿಗೆ ಸುಳ್ಳು ಹೇಳಿದ್ದೇವೆ ಎನ್ನಿ. ಆಮೇಲೆ ಅವರ ಮುಂದೆಯೇ ನಿಂತು ಅದನ್ನು ಒಪ್ಪಿಕೊಂಡರೆ ಅಲ್ಲಿಗೆ ಅದು ತೀರಿತಲ್ಲವೇ?" ಎಂದು ಅಡವಯ್ಯ ಎಂಬ ಶಿಷ್ಯ ಕೇಳಿದ.

"ಯಾವಾಗ ಒಪ್ಪಿಕೊಂಡರೆ?" ಎಂದರು ಗುರುಗಳು.

"ಯಾವಾಗಲಾದರೇನು? ಒಪ್ಪಿಕೊಳ್ಳುವುದು ಮುಖ್ಯವಲ್ಲವೇ?"

ಗುರುಗಳು ಈ ಕತೆ ಹೇಳಿದರು.

ಹೊಳೆಯ ದಡದ ಒಂದು ಊರಿನಲ್ಲಿ ಒಬ್ಬ ಅಂಬಿಗನಿದ್ದ. ಹೊಳೆ ತುಂಬಿದಾಗ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದ. ನೀರು ಇಳಿದು ಜನ ನಡೆದೇ ದಾಟುವ ಕಾಲ ಬಂದರೆ ಗಾಳ ಹಾಕಿ ಮೀನು ಹಿಡಿದು ಬದುಕುತ್ತಿದ್ದ. ಆ ಹೊಳೆಯ ಮಡುಗಳಲ್ಲಿ ಬಾಳೆಮೀನು ಇತ್ತು. ಅದು ಬೇಟೆಯಾಡಿ ತಿನ್ನುವ ಮೀನು. ಬಾಯಿ ತುಂಬ ಹಲ್ಲು, ಮೈಯಲ್ಲಿ ಬಲ. ಅದನ್ನು ಗಾಳದಲ್ಲಿ ಸಿಕ್ಕಿಸಿ ದಡಕ್ಕೆ ತರುವುದು ಎಲ್ಲರಿಂದ ಆಗುವ ಕೆಲಸವಲ್ಲ. ಅಂಬಿಗನಿಂದ ಆಗುತ್ತಿತ್ತು. ಸುತ್ತಲ ಊರುಗಳಲ್ಲಿ ಅವನಿಗೆ ಹೆಸರಿತ್ತು.

ಅವನ ಗೆಳೆಯ ಒಬ್ಬ ನೇಕಾರ. ಇಬ್ಬರೂ ಒಂದೇ ಓಣಿಯಲ್ಲಿ ಬೆಳೆದವರು. ನೇಕಾರ ವಯಸ್ಸಿನಲ್ಲಿ ಸ್ವಲ್ಪ ಚಿಕ್ಕವನಾದ್ದರಿಂದ ಅಂಬಿಗನನ್ನು ಅಣ್ಣಾ ಎಂದೇ ಕರೆಯುತ್ತಿದ್ದ. ನೇಕಾರನ ಹೆಂಡತಿ ಬಾವ ಎನ್ನುತ್ತಿದ್ದಳು. ಅಂಬಿಗ ಮದುವೆಯಾಗಿರಲಿಲ್ಲ. ಹಬ್ಬ ಬಂದರೆ ಅವನ ಊಟ ಅವರ ಮನೆಯಲ್ಲಿ. ಜ್ವರ ಬಂದರೆ ಗಂಜಿಯೂ ಅವರ ಮನೆಯಿಂದಲೇ.

ಗಿರಣಿಯ ಬಟ್ಟೆ ಸಂತೆಗೆ ಬಂತು. ನೇಕಾರನ ಸೀರೆಯನ್ನು ಕೇಳುವವರು ಇಲ್ಲವಾದರು. ಮಗ್ಗ ನಿಂತಿತು. ಅವನು ಕೆಲವು ದಿನ ನಿಂತ ಮಗ್ಗದ ಮುಂದೆ ಕುಳಿತಿದ್ದ. ಆಮೇಲೆ ಎದ್ದು ಅಂಬಿಗನ ಗುಡಿಸಲಿಗೆ ಬಂದ.

"ಅಣ್ಣಾ, ನಾನೂ ಗಾಳ ಹಾಕುತ್ತೇನೆ. ಕಲಿಸಿಕೊಡುತ್ತೀಯಾ?"

"ಅದಕ್ಕೇನು, ಬಾ."

"ಮೊದಲು ಒಂದು ಕೋಲು ಬೇಕು. ನನ್ನ ಕೈಯಲ್ಲಿ ಹೆಚ್ಚು ದುಡ್ಡಿಲ್ಲ. ಕಡಿಮೆಗೆ ಒಳ್ಳೆಯದು ಸಿಗುತ್ತದೆಯೇ? ಬಾಳೆಮೀನು ಎಳೆದರೆ ತಡೆಯುವಂಥದು ಬೇಕು."

"ಸಿಗುತ್ತದೆ. ನೋಡಿ ಆರಿಸಬೇಕು, ಅಷ್ಟೇ. ಸಂತೆಗೆ ನಾನೂ ಬರುತ್ತೇನೆ."

ಸಂತೆಯ ದಾರಿಯಲ್ಲಿ ಅಂಬಿಗ ಅವನಿಗೆ ಕೋಲು ಆರಿಸುವುದನ್ನು ಹೇಳಿಕೊಟ್ಟ. ಬಿದಿರಿನ ಗಿಣ್ಣುಗಳು ಹತ್ತಿರ ಹತ್ತಿರ ಇರಬೇಕು. ಬಲಿತ ಬಿದಿರಾಗಿರಬೇಕು, ನೆರಳಿನಲ್ಲಿ ಒಣಗಿರಬೇಕು. ತುದಿಯನ್ನು ಬಗ್ಗಿಸಿ ಬಿಟ್ಟರೆ ಕೂಡಲೇ ನೆಟ್ಟಗಾಗಬೇಕು. ಬುಡ ಬಗ್ಗಬಾರದು. ಹಳದಿಯಾಗಿ ಹೊಳೆಯುತ್ತದೆ ಎಂದು ಮರುಳಾಗಬೇಡ, ಹೊಳಪಿಗೂ ಮೀನಿಗೂ ಸಂಬಂಧವಿಲ್ಲ. ಹೀಗೆಲ್ಲ ಹೇಳಿದ. ಹೇಳುವಾಗ ಅವನ ಮನಸ್ಸಿನಲ್ಲಿ ಯಾವ ಕಪಟವೂ ಇರಲಿಲ್ಲ. ಗೆಳೆಯನಿಗೆ ತಾನು ಒಂದು ಉಪಕಾರ ಮಾಡುತ್ತಿದ್ದೇನೆ ಎಂಬ ಸಂತೋಷ ಇತ್ತು.

ಸಂತೆಯಲ್ಲಿ ಬುಟ್ಟಿ, ಮೊರ ಮಾರುವ ಮೇದಾರ ಗಾಳದ ಕೋಲುಗಳನ್ನೂ ತಂದಿದ್ದ. ಒಳ್ಳೆಯವನ್ನು ಗೋಡೆಗೆ ಒರಗಿಸಿದ್ದ. ಅಗ್ಗದವನ್ನು ನೆಲದ ಮೇಲೆ ರಾಶಿ ಹಾಕಿದ್ದ. ನೇಕಾರ ರಾಶಿಯ ಪಕ್ಕದಲ್ಲಿ ಕುಳಿತು ಒಂದೊಂದನ್ನೇ ಎತ್ತಿ ನೋಡಿದ. ಗಿಣ್ಣುಗಳ ಮೇಲೆ ಬೆರಳಾಡಿಸಿದ, ತುದಿ ಬಗ್ಗಿಸಿದ, ಬಿಟ್ಟ. ಅದು ನೂಲಿನ ಮೇಲೆ ಪಳಗಿದ ಕೈ. ಎಳೆಯಲ್ಲಿ ಎಲ್ಲಿ ಸಣ್ಣ ಗಂಟಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ ಕೈ. ರಾಶಿಯ ಅಡಿಯಿಂದ ಅವನು ಒಂದು ಕೋಲನ್ನು ಹೊರಗೆಳೆದ. ಮೈಯೆಲ್ಲ ಹೊಗೆ ಹಿಡಿದು ಕಪ್ಪಾಗಿತ್ತು. ಬುಡ ಸ್ವಲ್ಪ ಸೊಟ್ಟಗಿತ್ತು. ಅದಕ್ಕೇ ಅದು ಅಗ್ಗದ ರಾಶಿಗೆ ಬಿದ್ದಿತ್ತು.

"ಇದು ಹೇಗಿದೆ ಅಣ್ಣಾ?"

ಅಂಬಿಗ ಅದನ್ನು ಕೈಗೆ ತೆಗೆದುಕೊಂಡ. ತೆಗೆದುಕೊಂಡ ಕೂಡಲೇ ಅವನಿಗೆ ಗೊತ್ತಾಯಿತು. ಅಂಥ ಕೋಲನ್ನು ಅವನು ಹಿಂದೆ ಎಂದೂ ಹಿಡಿದಿರಲಿಲ್ಲ. ಎಷ್ಟೋ ವರ್ಷಗಳಿಂದ ಇಂಥದೊಂದು ಸಿಕ್ಕೀತೇ ಎಂದು ಸಂತೆಯಿಂದ ಸಂತೆಗೆ ಹುಡುಕಿದ್ದ. ಈಗ ಅದು ಸಿಕ್ಕಿತ್ತು. ಆದರೆ ಸಿಕ್ಕಿದ್ದು ತನಗಲ್ಲ. ನಿನ್ನೆ ಮೊನ್ನೆಯವರೆಗೆ ಮಗ್ಗದ ಲಾಳಿ ಹಿಡಿದಿದ್ದವನಿಗೆ, ಮೀನಿನ ಬಾಯಿ ಹೇಗಿರುತ್ತದೆಂದು ತಿಳಿಯದವನಿಗೆ. ಇವನಿಗೆ ಇಂಥದು ಯಾಕೆ, ಎನಿಸಿತು.

"ಅದು ಬೇಡ. ಒಳಗೆ ಹುಳ ಹಿಡಿದಿದೆ," ಎಂದ.

"ಹೌದೇ? ನನ್ನ ಕೈಗೆ ಚೆನ್ನಾಗಿದೆ ಅನಿಸಿತಲ್ಲ."

"ಹಾಗೇ ಅನಿಸುತ್ತದೆ. ನೀನು ಹೊಸಬನಲ್ಲವೇ."

ನೇಕಾರ ಕೋಲನ್ನು ಕೆಳಗಿಟ್ಟ. ಮೇದಾರ ಬೇರೆ ಗಿರಾಕಿಯ ಜೊತೆ ಚೌಕಾಸಿಯಲ್ಲಿದ್ದ. ಈ ಮಾತು ಅವನ ಕಿವಿಗೆ ಬೀಳಲಿಲ್ಲ.

ಅಂಬಿಗ ರಾಶಿಯಿಂದ ಒಂದು ಹಳದಿ ಕೋಲನ್ನು ಎತ್ತಿ ಗೆಳೆಯನ ಕೈಯಲ್ಲಿಟ್ಟ. ಅದು ಎಳೆಯದರಲ್ಲೇ ಕಡಿದು ಬಿಸಿಲಿನಲ್ಲಿ ಒಣಗಿಸಿದ ಬಿದಿರು. ಕೆಲವು ದಿನ ಕೆಲಸ ಕೊಟ್ಟೀತು. ಆಮೇಲೆ ಅದರ ತುದಿ ಸತ್ತ ಹಾಗೆ ಜೋತು ಬೀಳುತ್ತದೆ. ಅದು ಅಂಬಿಗನಿಗೆ ಗೊತ್ತಿತ್ತು. ಕಲಿಯುವುದಕ್ಕೆ ಇದು ಸಾಕು, ಮುಂದೆ ಬೇರೆಯದು ಆರಿಸಿಕೊಟ್ಟರಾಯಿತು ಎಂದು ತನಗೆ ತಾನೇ ಹೇಳಿಕೊಂಡ. ನೇಕಾರನನ್ನು ದಾರ, ಕೊಕ್ಕೆ ತರಲು ಕಳಿಸಿದ. ಅವನು ಅತ್ತ ಹೋದ ಮೇಲೆ ಕಪ್ಪು ಕೋಲಿಗೆ ದುಡ್ಡು ಕೊಟ್ಟು, ಆಮೇಲೆ ಬಂದು ಒಯ್ಯುತ್ತೇನೆ ಎಂದು ಮೇದಾರನ ಬಳಿಯೇ ಬಿಟ್ಟ.

ಮರುದಿನ ಮೇದಾರನ ಮನೆಗೆ ಹೋಗಿ ಅದನ್ನು ತಂದ. ಹೊಗೆಯ ಮಸಿಯನ್ನು ಕೆರೆದು ತೆಗೆದ. ಎಣ್ಣೆ ಸವರಿದ. ಹಿಡಿಯ ಜಾಗಕ್ಕೆ ದಾರ ಸುತ್ತಿದ. ಕೆಳಗಿನ ಊರಿನ ಸೋದರಮಾವ ಕೊಟ್ಟದ್ದು ಎಂದು ನೇಕಾರನಿಗೆ ಹೇಳಿದ. ನೇಕಾರ ಕೋಲಿನ ಮೇಲೆ ಕೈಯಾಡಿಸಿದ. ಬುಡದ ಸೊಟ್ಟಕ್ಕೆ ಬಂದಾಗ ಅವನ ಬೆರಳು ನಿಂತಿತು. ಆದರೆ ನೇಕಾರನಿಗೆ ಯಾವ ಅನುಮಾನವೂ ಬರಲಿಲ್ಲ. ಅಣ್ಣ ಹುಳ ಹಿಡಿದಿದೆ ಎಂದ ಕೋಲು ಹುಳ ಹಿಡಿದದ್ದೇ. ಅದು ಇಲ್ಲಿಗೆ ಯಾಕೆ ಬಂದೀತು?

"ಎಂಥ ಕೋಲು ಅಣ್ಣಾ! ನಿನ್ನ ಕೈಗೆ ತಕ್ಕದ್ದು," ಎಂದ.

ಅಂಬಿಗನಿಗೆ ಆಗಲೇ ಹೇಳಿಬಿಡಬೇಕೆನಿಸಿತು. ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ.

ಇಬ್ಬರೂ ಒಂದೇ ಮಡುವಿನಲ್ಲಿ ಗಾಳ ಹಾಕತೊಡಗಿದರು. ಮೊದಲ ದಿನಗಳಲ್ಲಿ ನೇಕಾರನಿಗೂ ಮೀನು ಸಿಕ್ಕಿತು. ದಾರ ಸ್ವಲ್ಪ ನಡುಗಿದರೆ ಸಾಕು, ಅವನ ಕೈಗೆ ತಿಳಿಯುತ್ತಿತ್ತು. ತಿಳಿದ ಗಳಿಗೆಯಲ್ಲೇ ಎಳೆಯುತ್ತಿದ್ದ. ಹಾಗೆ ಎಳೆಯುವುದೇ ಸರಿ. ಅದನ್ನು ಯಾರೂ ಅವನಿಗೆ ಕಲಿಸಿರಲಿಲ್ಲ. ಅಂಬಿಗ ನೋಡಿ ಬೆರಗಾದ.

ಬೇಸಿಗೆಯ ಬಿಸಿಲು ಏರಿದ ಹಾಗೆ ಹಳದಿ ಕೋಲಿನ ತುದಿ ಸತ್ತಿತು. ನೇಕಾರ ಎಳೆದರೆ ಕೋಲು ಬಗ್ಗುತ್ತಿತ್ತೇ ಹೊರತು ಕೊಕ್ಕೆ ಮೀನಿನ ಬಾಯಿಗೆ ನಾಟುತ್ತಿರಲಿಲ್ಲ. ಮೀನು ಒಂದು ಸುತ್ತು ಹೊರಳಿ ಬಿಡಿಸಿಕೊಂಡು ಹೋಗುತ್ತಿತ್ತು. ಅಂಬಿಗನ ಬುಟ್ಟಿ ತುಂಬುತ್ತಿತ್ತು. ನೇಕಾರ ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದ.

"ಅಣ್ಣಾ, ನಾನು ಎಲ್ಲಿ ತಪ್ಪುತ್ತಿದ್ದೇನೆ?" ಎಂದು ಒಂದು ದಿನ ಕೇಳಿದ.

ಕೋಲು ಕೆಟ್ಟಿದೆ ಎಂದು ಹೇಳಬಹುದಿತ್ತು. ಹಾಗೆ ಹೇಳಿದರೆ, ನೀನೇ ಆರಿಸಿದ್ದಲ್ಲವೇ ಎಂಬ ಮಾತು ಬರುತ್ತದೆ. ಅಂಬಿಗ ಆ ಮಾತಿಗೆ ಹೆದರಿದ.

"ನೀನು ಅವಸರ ಮಾಡುತ್ತೀಯ," ಎಂದ. "ಮೀನು ಪೂರ್ತಿ ನುಂಗುವವರೆಗೆ ಕಾಯಬೇಕು. ನಿನ್ನ ಕೈಗೆ ತಾಳ್ಮೆ ಇಲ್ಲ."

ನೇಕಾರ ಅದನ್ನು ಗಂಭೀರವಾಗಿ ತೆಗೆದುಕೊಂಡ. ಕಾಯುವುದನ್ನು ಅಭ್ಯಾಸ ಮಾಡಿದ. ದಾರ ನಡುಗಿದರೂ ಸುಮ್ಮನಿರಲು ತನ್ನ ಕೈಯನ್ನು ಪಳಗಿಸಿದ. ಮೀನು ಗಾಳದ ಎರೆಯ ರುಚಿ ನೋಡಿ, ಕೊಕ್ಕೆಯನ್ನು ಉಗುಳಿ, ಹೊರಟುಹೋಗುತ್ತಿತ್ತು. ಆಮೇಲೆ ಅವನು ಎಳೆಯುತ್ತಿದ್ದ. ಮತ್ತೆ ಬಂದು ಕೇಳುತ್ತಿದ್ದ. ಅಂಬಿಗ ಮತ್ತೊಂದು ತಪ್ಪು ಹೇಳುತ್ತಿದ್ದ. ಹಿಡಿತ ಬಿಗಿಯಾಯಿತು ಎನ್ನುತ್ತಿದ್ದ, ಇನ್ನೊಂದು ದಿನ ಸಡಿಲವಾಯಿತು ಎನ್ನುತ್ತಿದ್ದ. ಹೀಗೆ ಅವನು ಸರಿಯಿದ್ದ ಒಂದು ಕೈಯನ್ನು ದಿನದಿನವೂ ತಿದ್ದಿದ.

ಒಂದು ಸಂಜೆ ನೇಕಾರನ ಮನೆಯಲ್ಲಿ ಊಟಕ್ಕೆ ಕುಳಿತಾಗ ಅವನ ಹೆಂಡತಿ ಅಂಬಿಗನ ಎದುರಿಗೇ ಗಂಡನಿಗೆ ಹೇಳಿದಳು. "ಕೋಲಿನಲ್ಲೇ ಏನೋ ದೋಷವಿದೆ. ಬೇರೆಯದು ತಂದು ನೋಡಬಾರದೇ?"

ನೇಕಾರ ಎಂದೂ ಹೆಂಡತಿಯ ಮೇಲೆ ದನಿ ಎತ್ತಿದವನಲ್ಲ. ಅಂದು ಎತ್ತಿದ.

"ಅಣ್ಣ ಆರಿಸಿಕೊಟ್ಟ ಕೋಲು ಅದು! ಸುತ್ತಲ ಊರಿನವರೆಲ್ಲ ಇವನನ್ನು ಕೇಳಿ ಕೋಲು ಕೊಳ್ಳುತ್ತಾರೆ. ದೋಷ ನನ್ನ ಕೈಯಲ್ಲಿದೆ. ಇನ್ನೊಮ್ಮೆ ಆ ಮಾತಾಡಬೇಡ."

ಅಂಬಿಗ ತಟ್ಟೆಯಲ್ಲಿದ್ದುದನ್ನು ಉಂಡು ಮುಗಿಸಿದ. ಬಿಟ್ಟು ಎದ್ದರೆ ಯಾಕೆ ಎಂದು ಕೇಳುತ್ತಾರಲ್ಲ.

ಆ ಮನೆಯಲ್ಲಿ ಒಲೆ ಹೊತ್ತುವುದು ಅಪರೂಪವಾಯಿತು. ನೇಕಾರ ಮಗ್ಗವನ್ನು ಸೌದೆಗೆ ಮಾರಿದ. ಅವನ ಮಾತು ಕಡಿಮೆಯಾಯಿತು. ಒಂದು ಹಗ್ಗದ ಗಂಟು ಹಾಕಬೇಕಾದರೂ, "ಇದು ಸರಿಯಿದೆಯೇ ಅಣ್ಣಾ?" ಎಂದು ತೋರಿಸತೊಡಗಿದ. ಹಿಂದೆ ಅವನ ಗಂಟುಗಳನ್ನು ನೋಡಿ ಊರೇ ಹೊಗಳುತ್ತಿತ್ತು. ಅಂಬಿಗ ಅವನಿಗೆ ಆಗಾಗ ಮೀನು ಕೊಡುತ್ತಿದ್ದ. ನೇಕಾರ ಎರಡು ಕೈಯಲ್ಲಿ ತೆಗೆದುಕೊಳ್ಳುತ್ತಿದ್ದ. ನಿನ್ನ ಋಣ ಹೇಗೆ ತೀರಿಸಲಿ ಎನ್ನುತ್ತಿದ್ದ. ಆ ಮಾತು ಕೇಳಿದ ದಿನವೆಲ್ಲ ಅಂಬಿಗ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದ. ಬೆಳಗಾದರೆ ಮೀನು ಹಿಡಿಯಲು ಹೋಗುತ್ತಿದ್ದ.

ಕೊನೆಗೆ ನೇಕಾರ ಊರು ಬಿಡುವುದೆಂದು ನಿಶ್ಚಯ ಮಾಡಿದ. ದೂರದಲ್ಲಿ ಒಂದು ಇಟ್ಟಿಗೆ ಗೂಡಿನಲ್ಲಿ ಗಂಡ ಹೆಂಡತಿ ಇಬ್ಬರಿಗೂ ಹೊರುವ ಕೆಲಸ ಇದೆ ಎಂದು ಯಾರೋ ಹೇಳಿದ್ದರು. ಹೊರಡುವ ದಿನ ಬೆಳಿಗ್ಗೆ ಅಂಬಿಗ ಕಪ್ಪು ಕೋಲನ್ನು ಹಿಡಿದು ಅವರ ಮನೆಗೆ ಬಂದ. ಪಾತ್ರೆ ಬಟ್ಟೆ ಗಂಟು ಕಟ್ಟಿ ಆಗಿತ್ತು. ಅವನು ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ.

"ನಾನು ನಿನಗೆ ಮೋಸ ಮಾಡಿದೆ," ಎಂದ. "ಸಂತೆಯಲ್ಲಿ ನೀನು ಎತ್ತಿದ ಕೋಲು ಇದೇ. ಹುಳ ಹಿಡಿದಿದೆ ಎಂದದ್ದು ಸುಳ್ಳು. ನನಗೇ ಬೇಕೆಂದು ನಿನ್ನ ಕೈಯಿಂದ ಬಿಡಿಸಿದೆ. ನಿನಗೆ ಕೊಟ್ಟದ್ದು ಕೆಟ್ಟದ್ದು, ಕೊಡುವಾಗಲೇ ನನಗೆ ಗೊತ್ತಿತ್ತು. ನಿನ್ನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ."

ಇಷ್ಟು ಹೇಳಿ ಅವನು ಕಾದ. ಗೆಳೆಯ ಬೈಯಲಿ, ಹೊಡೆಯಲಿ, ಮುಖಕ್ಕೆ ಉಗಿಯಲಿ ಎಂದು ಕಾದ. ಯಾವುದಾದರೂ ಒಂದು ಆದರೆ ತನಗೆ ಹಗುರಾದೀತು ಎಂದುಕೊಂಡಿದ್ದ.

ನೇಕಾರನ ಕಣ್ಣು ತುಂಬಿತು. ಹತ್ತಿರ ಬಂದು ಅಂಬಿಗನ ಎರಡೂ ತೋಳು ಹಿಡಿದುಕೊಂಡ.

"ನಾನು ಸೋತು ಹೋಗುತ್ತಿದ್ದೇನೆ ಎಂದು ಹೀಗೆ ಹೇಳುತ್ತೀಯಾ ಅಣ್ಣಾ? ನನ್ನ ಮನಸ್ಸಿಗೆ ಸಮಾಧಾನವಾಗಲಿ ಎಂದು ಇಷ್ಟು ದೊಡ್ಡ ಅಪವಾದವನ್ನು ನಿನ್ನ ಮೇಲೆ ಹಾಕಿಕೊಳ್ಳುತ್ತೀಯಾ? ಕೇಳಿದೆಯೇನೇ," ಎಂದು ಹೆಂಡತಿಯನ್ನು ಕರೆದ. "ಇಂಥ ಗೆಳೆಯ ಯಾರಿಗೆ ಸಿಗುತ್ತಾನೆ ಹೇಳು."

"ದೇವರಾಣೆ, ನಾನು ಹೇಳುತ್ತಿರುವುದು ನಿಜ," ಎಂದ ಅಂಬಿಗ.

"ಆಣೆ ಹಾಕಬೇಡ. ಸುಳ್ಳಿಗೆ ಆಣೆ ಹಾಕಿದರೆ ನಿನಗೆ ಕೆಡುಕಾಗುತ್ತದೆ. ನನ್ನಿಂದ ಅದೂ ಆಗುವುದು ಬೇಡ."

ಅಂಬಿಗನಿಗೆ ದಿಕ್ಕು ತೋಚಲಿಲ್ಲ. "ಹಾಗಾದರೆ ಹೊಳೆಗೆ ಬಾ. ಈ ಕೋಲಿನಿಂದ ಒಮ್ಮೆ ಗಾಳ ಹಾಕು. ಆಗಲಾದರೂ ನಂಬುತ್ತೀಯ," ಎಂದ. ಅಣ್ಣನ ಮಾತು ಮೀರಬಾರದೆಂದು ನೇಕಾರ ಹೋದ.

ಮಡುವಿನ ಅಂಚಿನಲ್ಲಿ ನಿಂತು ಗಾಳ ಬಿಟ್ಟ. ಬಹಳ ಹೊತ್ತಾಗಲಿಲ್ಲ. ದಾರ ನಡುಗಿತು. ಕೋಲಿನ ತುದಿ ನೀರಿನ ಕಡೆಗೆ ಬಾಗಿತು. ದೊಡ್ಡ ಬಾಳೆಮೀನು.

"ಈಗ! ಈಗ ಎಳಿ!" ಎಂದು ಅಂಬಿಗ ಕೂಗಿದ.

ನೇಕಾರನ ಕೈ ಅಲುಗಲಿಲ್ಲ. "ನುಂಗಲಿ ಅಣ್ಣಾ. ಕಾಯಬೇಕಲ್ಲವೇ?"

"ಬೇಡ, ಎಳಿ!"

ಅವನು ಎಳೆಯುವ ಹೊತ್ತಿಗೆ ದಾರ ಸಡಿಲಾಗಿತ್ತು. ಬರಿ ಕೊಕ್ಕೆ ಮೇಲೆ ಬಂತು. ನೇಕಾರ ಅದನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ದಾರವನ್ನು ಅಚ್ಚುಕಟ್ಟಾಗಿ ಸುತ್ತಿ, ಕೋಲನ್ನು ಅಂಬಿಗನ ಕೈಗೆ ಕೊಟ್ಟ. ಅವನ ಮುಖದಲ್ಲಿ ಕೋಪವಿರಲಿಲ್ಲ.

"ನೋಡಿದೆಯಲ್ಲ. ಕೋಲು ಯಾವುದಾದರೇನು, ಕೈ ನನ್ನದೇ ತಾನೇ? ಇನ್ನು ನನಗಾಗಿ ಸುಳ್ಳು ಹೇಳಬೇಡ ಅಣ್ಣಾ," ಎಂದ.

ಅವರು ಹಿಂತಿರುಗಿದರು. ನೇಕಾರ ಗಂಟು ತರಲು ಒಳಗೆ ಹೋದ. ಅವನ ಹೆಂಡತಿ ಬಾಗಿಲ ಬಳಿ ನಿಂತಿದ್ದಳು. ಅವಳು ದನಿ ತಗ್ಗಿಸಿ ಹೇಳಿದಳು.

"ನೀವು ಹೇಳಿದ್ದು ನಿಜ ಎಂದು ನನಗೆ ಗೊತ್ತು."

ಅಂಬಿಗ ತಲೆ ಎತ್ತಲಿಲ್ಲ.

"ಅವರಿಗೆ ಇನ್ನೊಮ್ಮೆ ಹೇಳಬೇಡಿ. ಮಗ್ಗ ಹೋಯಿತು, ಊರು ಹೋಯಿತು, ತನ್ನ ಕೈಯ ಮೇಲಿನ ನಂಬಿಕೆ ಹೋಯಿತು. ಊರಿನಲ್ಲಿ ನನಗೊಬ್ಬ ಅಣ್ಣನಿದ್ದಾನೆ ಎಂಬುದೊಂದೇ ಅವರ ಹತ್ತಿರ ಉಳಿದಿರುವುದು. ಅದನ್ನೂ ಕಿತ್ತುಕೊಳ್ಳಬೇಡಿ."

ನೇಕಾರ ಹೊರಗೆ ಬಂದ. ತಲೆಯ ಮೇಲೆ ಗಂಟು, ಕೈಯಲ್ಲಿ ಹಳದಿ ಕೋಲು. ಅದು ಯಾಕೆ ಎಂದು ಅಂಬಿಗ ಕೇಳಿದ. ನನ್ನ ಕೈಗೆ ಒಗ್ಗದಿದ್ದರೂ ನಿನ್ನ ನೆನಪಿಗೆ ಇರಲಿ ಎಂದ ನೇಕಾರ. ಬಗ್ಗಿ ಅಂಬಿಗನ ಕಾಲು ಮುಟ್ಟಿದ. ಅವಳು ಮುಟ್ಟಲಿಲ್ಲ. ಇಬ್ಬರೂ ಹೋದರು.

ಅಂಬಿಗ ಆಮೇಲೆಯೂ ಮೀನು ಹಿಡಿದ. ಹೊಟ್ಟೆಪಾಡಿಗೆ ಬೇರೆ ಕೆಲಸ ಅವನಿಗೆ ತಿಳಿದಿರಲಿಲ್ಲ. ಕಪ್ಪು ಕೋಲನ್ನು ಹೊಳೆಗೆ ಎಸೆಯಬೇಕೆಂದು ಒಮ್ಮೆ ದಡದವರೆಗೆ ಹೋದ. ಎಸೆಯಲಾಗಲಿಲ್ಲ, ಅಷ್ಟು ಒಳ್ಳೆಯ ಕೋಲು ಅದು. ಆ ದಿನವೂ ಗಾಳ ಹಾಕಿ, ಬುಟ್ಟಿ ತುಂಬಿಸಿಕೊಂಡು ಬಂದ. ಹಬ್ಬದ ದಿನ ಒಬ್ಬನೇ ಉಂಡ. ಜನ ಎಂದಿನಂತೆ ಕೋಲು ಆರಿಸಿಕೊಡು ಎಂದು ಬಂದರೆ, ನನಗೆ ಕಣ್ಣು ಮಂಜು ಎಂದು ಹೇಳಿ ಕಳಿಸಿದ.

ಒಂದು ಬೇಸಿಗೆಯಲ್ಲಿ ಅವನು ಆ ಇಟ್ಟಿಗೆ ಗೂಡನ್ನು ಹುಡುಕಿಕೊಂಡು ಹೋದ. ದಾರಿಯುದ್ದಕ್ಕೂ, ಈ ಸಲ ನಂಬುವ ಹಾಗೆ ಹೇಗೆ ಹೇಳಬೇಕು ಎಂದು ಮಾತುಗಳನ್ನು ಜೋಡಿಸಿಕೊಂಡ. ಗೂಡಿನ ಬೇಲಿಯ ಆಚೆ ನಿಂತು ನೋಡಿದ. ನೇಕಾರ ತಲೆಯ ಮೇಲೆ ಇಟ್ಟಿಗೆ ಹೊತ್ತು ಸಾಲಿನಲ್ಲಿ ನಡೆಯುತ್ತಿದ್ದ. ಕೂದಲು ಬೆಳ್ಳಗಾಗಿತ್ತು. ಕೆಳಗಿಳಿಸಿದ ಇಟ್ಟಿಗೆಯನ್ನು ಎಲ್ಲಿಡಬೇಕೆಂದು ಪಕ್ಕದವನನ್ನು ಕೇಳುತ್ತಿದ್ದ. ಇಡುತ್ತಿದ್ದ. ಸರಿಯೇ ಎಂದು ಮತ್ತೆ ಕೇಳುತ್ತಿದ್ದ.

ನೇಕಾರ ಇವನನ್ನು ನೋಡಲಿಲ್ಲ. ಗೂಡಿಗೆ ಸೌದೆ ಹೊರುತ್ತಿದ್ದ ಹೆಂಡತಿ ನೋಡಿದಳು. ಹೊರೆಯನ್ನು ಕೆಳಗಿಟ್ಟು, ಗಂಡನಿಗೂ ಬೇಲಿಗೂ ನಡುವೆ ಬಂದು ನಿಂತಳು. ಅವನು ಹಿಂದಿರುಗುವವರೆಗೂ ಅಲ್ಲೇ ನಿಂತಿದ್ದಳು.

ಅಂಬಿಗ ಹಿಂದಿರುಗಿದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಅಡವಯ್ಯ ಇನ್ನೂ ಏನೋ ಇದೆ ಎಂಬಂತೆ ಕಾದ.

"ಹಾಗಾದರೆ ಅವನು ಈಗ ಏನು ಮಾಡಬೇಕು ಗುರುಗಳೇ?" ಎಂದು ಅವನೇ ಕೇಳಿದ.

"ಅವನು ಹೇಳುವ ಕಾಲ ಕಳೆಯಿತು, ನೀನು ಯಾರಿಗೆ ಸುಳ್ಳು ಹೇಳಿದೆಯೋ ಅವನು ಇನ್ನೂ ಊರು ಬಿಟ್ಟಿಲ್ಲ ತಾನೇ?" ಎಂದರು ಗುರುಗಳು.

ಅಡವಯ್ಯ ಎದ್ದು ಊರಿನ ದಾರಿ ಹಿಡಿದ.